ಹೋಟೆಲಿನ ಪಿಯಾನೊ ಅಜ್ಞಾತವಾಸವಲ್ಲ

ಕ್ಯೂಬಾದ ಪಿಯಾನೊ ವಾದಕ ಬೆಬೊ ವಾಲ್ಡೆಸ್ ಅವರ ಬದುಕಿನ ಕಥೆಯನ್ನು ಯಾರೇ ಬರೆಯಲಿ, ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ. ಹವಾನಾದಲ್ಲಿ ಮೆರೆದರು. 1960ರಲ್ಲಿ ದೇಶ ಬಿಟ್ಟರು. ಸ್ವೀಡನ್ನಿನ ಚಳಿಯಲ್ಲಿ ಮೂವತ್ತು ವರ್ಷ ಹೋಟೆಲುಗಳಲ್ಲಿ ಪಿಯಾನೊ ನುಡಿಸುತ್ತ ಮರೆಯಾದರು. 1994ರಲ್ಲಿ ಒಂದು ಫೋನ್ ಬಂತು, 76ನೇ ವಯಸ್ಸಿನಲ್ಲಿ ಮತ್ತೆ ಬೆಳಕಿಗೆ ಬಂದರು, ಗ್ರ್ಯಾಮಿ ಮೇಲೆ ಗ್ರ್ಯಾಮಿ ಗೆದ್ದರು. ಈ ಕಥೆಯಲ್ಲಿ ನಡುವಿನ ಮೂವತ್ತು ವರ್ಷ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ, ಅದೂ ‘ಅಯ್ಯೋ ಪಾಪ’ ಎನ್ನುವ ದನಿಯಲ್ಲಿ. ನಾನು ಇದನ್ನು ಒಪ್ಪುವುದಿಲ್ಲ. ಆ ಹೋಟೆಲುಗಳ ವರ್ಷಗಳು ಇಲ್ಲದಿದ್ದರೆ, ಆಮೇಲೆ ಜಗತ್ತು ತಲೆದೂಗಿದ ಬೆಬೊ ಇರುತ್ತಿರಲಿಲ್ಲ ಎನ್ನುವುದು ನನ್ನ ನಂಬಿಕೆ.

ಇದನ್ನು ಹೇಳಲು ನನಗೊಂದು ಕಾರಣವಿದೆ. ನಾನು ಮೈಸೂರಿನವನು, ಕೀಬೋರ್ಡ್ ನನ್ನ ಹೊಟ್ಟೆಪಾಡು. ಮದುವೆ ಆರತಕ್ಷತೆ, ಗಣೇಶನ ಪೆಂಡಾಲು, ನವೆಂಬರ್ ಬಂದರೆ ರಾಜ್ಯೋತ್ಸವದ ಆರ್ಕೆಸ್ಟ್ರಾ, ನಡುವೆ ಕೆಲವು ಕಾಲ ಹೋಟೆಲಿನ ಲಾಬಿ. ಯಾವ ಸಂಗೀತಗಾರನ ಕೆಲಸವನ್ನು ‘ಕಳೆದುಹೋದ ವರ್ಷಗಳು’ ಎಂದು ಜನ ಬದಿಗಿಡುತ್ತಾರೋ ಆ ಕೆಲಸವನ್ನೇ ನಾನು ಮಾಡುತ್ತಿರುವುದು. ನಮ್ಮ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವ ಗೆಳೆಯ ‘ಲಾಗ್ರಿಮಾಸ್ ನೆಗ್ರಾಸ್’ ಆಲ್ಬಮ್ ಕೊಟ್ಟ ಮೇಲೆ ಬೆಬೊ ಅವರ ಕೈ ನನ್ನನ್ನು ಹಿಡಿದದ್ದು ಬಿಟ್ಟಿಲ್ಲ.

ಬೆಬೊ ಹುಟ್ಟಿದ್ದು 1918ರ ಅಕ್ಟೋಬರ್ 9ರಂದು, ಹವಾನಾದ ದಕ್ಷಿಣಕ್ಕಿರುವ ಕಿವಿಕಾನ್ ಎಂಬ ಊರಿನಲ್ಲಿ. ಹವಾನಾದ ಮುನಿಸಿಪಲ್ ಕನ್ಸರ್ವೇಟರಿಯಲ್ಲಿ ಶಾಸ್ತ್ರೀಯ ಪಿಯಾನೊ ಕಲಿತರು. ಅಮೆರಿಕದ ಜಾಜ್ ಅಂದರೆ ಪ್ರಾಣ. 1948ರಲ್ಲಿ ಟ್ರೋಪಿಕಾನಾ ಸೇರಿದರು. ಅಲ್ಲಿ ಗಾಯಕಿ ರೀಟಾ ಮೊಂಟಾನೆರ್‌ಗೆ ಪಕ್ಕವಾದ್ಯ; ಅರ್ಮಾಂಡೊ ರೊಮೆಯು ನಡೆಸುತ್ತಿದ್ದ ವಾದ್ಯವೃಂದಕ್ಕೆ ಪಿಯಾನೊ ಮತ್ತು ವಾದ್ಯ ಸಂಯೋಜನೆ. ಟ್ರೋಪಿಕಾನಾ ಸಂಗೀತ ಸಭೆಯಾಗಿರಲಿಲ್ಲ ಎನ್ನುವುದನ್ನು ಇಲ್ಲಿಯೇ ಗಮನಿಸಬೇಕು. ಊಟ, ಕುಡಿತ, ಕುಣಿತ, ಪಕ್ಕದಲ್ಲಿ ಜೂಜು ಇದ್ದ ಕ್ಯಾಬರೆ ಅದು. ಗಿರಾಕಿ ತಟ್ಟೆಯ ಮೇಲೆ ಬಗ್ಗಿರುವಾಗಲೇ ಅವರು ಅಲ್ಲಿಯೂ ನುಡಿಸಿದ್ದು. ಹವಾನಾದ ಆ ಕೆಲಸಕ್ಕೆ ಸುವರ್ಣಯುಗ ಎಂದು ಹೆಸರು. ಸ್ಟಾಕ್‌ಹೋಮಿನ ಅದೇ ಕೆಲಸಕ್ಕೆ ವನವಾಸ ಎಂದು ಹೆಸರು. ನ್ಯಾಯವೇ ಇದು?

ಕ್ಯೂಬಾದ ತಾಳ ಮತ್ತು ಅಮೆರಿಕದ ಜಾಜ್ ಸೇರಿ ಹುಟ್ಟಿದ ಸಂಗೀತಕ್ಕೆ ಆಗ ಇನ್ನೂ ಎಳೆ ವಯಸ್ಸು. ನ್ಯೂಯಾರ್ಕಿನಲ್ಲಿ ಮಾರಿಯೊ ಬೌಜಾ ‘ತಾಂಗಾ’ ಕಟ್ಟಿದ್ದು 1943ರಲ್ಲಿ. ಡಿಜ್ಜಿ ಗಿಲೆಸ್ಪಿ ಮತ್ತು ಕಾಂಗಾ ವಾದಕ ಚಾನೊ ಪೊಜೊ ‘ಮಾಂಟೆಕಾ’ ಮುದ್ರಿಸಿದ್ದು 1947ರಲ್ಲಿ. ಅದೇ ಕೆಲಸ ಹವಾನಾದ ಒಳಗಿನಿಂದ ನಡೆಯುತ್ತಿದ್ದದ್ದು ಬೆಬೊ ಅಂಥವರ ಕೈಯಲ್ಲಿ. 1952ರಲ್ಲಿ ಅವರು ‘ಬತಾಂಗಾ’ ಎಂಬ ಹೊಸ ನಡೆಯನ್ನು ರೇಡಿಯೊದಲ್ಲಿ ಕೇಳಿಸಿದರು. ಯೊರುಬಾ ಮೂಲದ ಪೂಜೆಗಳಲ್ಲಿ ದೇವರನ್ನು ಕರೆಯಲು ನುಡಿಸುವ ಬತಾ ಚರ್ಮವಾದ್ಯವನ್ನು ಟ್ರಂಪೆಟ್, ಸ್ಯಾಕ್ಸೊಫೋನ್‌ಗಳಿದ್ದ ದೊಡ್ಡ ವಾದ್ಯವೃಂದದ ನಡುವೆ ತಂದು ಕೂರಿಸಿದರು. ಅಂಥ ಧೈರ್ಯ ಆಗ ಅಪರೂಪ. ಆದರೆ ಪೆರೆಜ್ ಪ್ರಾಡೊ ಅವರ ಮಾಂಬೊ ಊರೂರು ಕುಣಿಸುತ್ತಿದ್ದ ಕಾಲ. ಬತಾಂಗಾ ಬಜಾರಿನಲ್ಲಿ ನಿಲ್ಲಲಿಲ್ಲ. ಅದೇ ವರ್ಷ ಅಮೆರಿಕದ ನಿರ್ಮಾಪಕ ನಾರ್ಮನ್ ಗ್ರಾನ್ಜ್ ಅವರಿಗಾಗಿ ‘ಕೊನ್ ಪೊಕೊ ಕೊಕೊ’ ಮುದ್ರಿಸಿದರು. ಬರೆದ ಹಾಳೆಯಿಲ್ಲದೆ, ಕೂತಲ್ಲೇ ಮನೋಧರ್ಮದಿಂದ ಬೆಳೆಸುತ್ತ ಹೋಗುವ ‘ದೆಸ್ಕಾರ್ಗ’ ಎಂಬ ಪದ್ಧತಿಯ ಮೊದಲ ಮುದ್ರಣಗಳಲ್ಲಿ ಅದೊಂದು. 1958ರಲ್ಲಿ ನ್ಯಾಟ್ ಕಿಂಗ್ ಕೋಲ್ ಸ್ಪ್ಯಾನಿಷ್ ಹಾಡುಗಳ ಆಲ್ಬಮ್‌ಗೆಂದು ಹವಾನಾಕ್ಕೆ ಬಂದಾಗ ಪಿಯಾನೊ ಮುಂದೆ ಕೂತವರು ಬೆಬೊ.

1960ರ ಅಕ್ಟೋಬರಿನಲ್ಲಿ ಗಾಯಕ ರೊಲಾಂಡೊ ಲಾಸೆರಿ ಜೊತೆ ಮೆಕ್ಸಿಕೊಗೆ ಹೋದವರು ಮತ್ತೆ ಕ್ಯೂಬಾ ನೆಲ ಮೆಟ್ಟಲಿಲ್ಲ. ಹಿಂದೆ ಉಳಿದ ಸಂಸಾರದಲ್ಲಿ ಮಗ ಚೂಚೊ ವಾಲ್ಡೆಸ್ ಇದ್ದರು. ಅಪ್ಪ ಹುಟ್ಟಿದ ಅಕ್ಟೋಬರ್ 9ರಂದೇ 1941ರಲ್ಲಿ ಹುಟ್ಟಿದ ಮಗ, ಹದಿಹರೆಯದಲ್ಲೇ ಅಪ್ಪನ ವಾದ್ಯವೃಂದದಲ್ಲಿ ಕೂತವನು. ಆ ಅಗಲಿಕೆಯ ನೋವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಹದಿನೆಂಟು ವರ್ಷ ಕಳೆದು, 1978ರಲ್ಲಿ ಚೂಚೊ ತಮ್ಮ ಇರಾಕೆರೆ ತಂಡದೊಂದಿಗೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಬಂದಾಗ ಅಪ್ಪ ಮಗ ಮತ್ತೆ ಮುಖ ನೋಡಿದ್ದು. ದೇಶ ಬಿಟ್ಟವನ ದುಃಖ ನಿಜ. ನನ್ನ ತಕರಾರು ಇರುವುದು ದೇಶ ಬಿಟ್ಟವನ ಸಂಗೀತವೂ ಸತ್ತಿತ್ತು ಎನ್ನುವವರ ಜೊತೆ.

ಯುರೋಪಿನಲ್ಲಿ ಲೆಕುವೊನಾ ಕ್ಯೂಬನ್ ಬಾಯ್ಸ್ ತಂಡದ ಜೊತೆ ತಿರುಗುತ್ತ 1963ರಲ್ಲಿ ಸ್ಟಾಕ್‌ಹೋಮಿಗೆ ಬಂದರು. ಅಲ್ಲಿ ರೋಸ್ ಮರಿ ಎಂಬ ಸ್ವೀಡಿಷ್ ತರುಣಿಯನ್ನು ಕಂಡರು, ಮದುವೆಯಾದರು, ಅಲ್ಲಿಯೇ ನೆಲೆ ನಿಂತರು. ಮನೆ ಮಕ್ಕಳು ಆದ ಮೇಲೆ ತಿಂಗಳ ದುಡಿಮೆ ಬೇಕು. ಹೋಟೆಲಿನ ಪಿಯಾನೊ ಹಿಡಿದರು.

ಹೋಟೆಲಿನಲ್ಲಿ ನುಡಿಸುವುದೆಂದರೆ ಏನು ಎಂಬುದನ್ನು ಹೊರಗಿನವರು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಅಲ್ಲಿ ಚಪ್ಪಾಳೆ ಇಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸದ್ದು ನಿಲ್ಲುವಂತಿಲ್ಲ. ನಿಂತರೆ ಮಾತಾಡುತ್ತ ಕೂತವರಿಗೆ ತಟ್ಟನೆ ತಮ್ಮ ಮಾತೇ ಜೋರಾಗಿ ಕೇಳಿ ಮುಜುಗರವಾಗುತ್ತದೆ. ಆದ್ದರಿಂದ ಒಂದು ಶ್ರುತಿಯಿಂದ ಇನ್ನೊಂದಕ್ಕೆ ದಾಟುವ ಸೇತುವೆಯನ್ನು ಅಲ್ಲೇ ಕಟ್ಟಬೇಕು. ಬಾಗಿಲು ದೂಡಿಕೊಂಡು ಬಂದವರ ವಯಸ್ಸು, ನಡಿಗೆ ನೋಡಿ ಯಾವ ಹಾಡು ಹಿಡಿಯಬೇಕೆಂದು ಅಂದಾಜು ಮಾಡಬೇಕು. ನಮ್ಮಲ್ಲಿ ಅರವತ್ತು ದಾಟಿದ ದಂಪತಿ ಬಂದು ಕೂತರೆ ನನ್ನ ಕೈ ತಾನಾಗಿ ಪಿ.ಬಿ. ಶ್ರೀನಿವಾಸ್ ಹಾಡಿನ ಕಡೆ ಹೋಗುತ್ತದೆ. ಯಾರೋ ಹತ್ತಿರ ಬಂದು ಗುನುಗಿದರೆ ಅವರ ಕಂಠಕ್ಕೆ ಹೊಂದುವ ಸ್ಕೇಲಿಗೆ ಆ ಕ್ಷಣದಲ್ಲೇ ಬದಲಾಯಿಸಬೇಕು. ಎಲ್ಲಕ್ಕಿಂತ ಕಷ್ಟದ್ದು, ಅದೇ ಹಾಡನ್ನು ನಿನ್ನೆ ನುಡಿಸಿದ ಹಾಗೆ ಇವತ್ತು ನುಡಿಸಿದರೆ ಕೈ ಜಡವಾಗುತ್ತದೆ. ಕೇಳುವವರಿಗಾಗಿ ಅಲ್ಲದಿದ್ದರೂ ತನ್ನ ಕೈ ಉಳಿಸಿಕೊಳ್ಳಲು ದಿನವೂ ಒಂದು ಹೊಸ ಸ್ವರಮೇಳ, ಒಂದು ಹೊಸ ಎಡಗೈ ಹುಡುಕಬೇಕು.

ಇದರ ಮೇಲೆ ಬೆಬೊ ಅವರಿಗೆ ಇನ್ನೊಂದು ಹೊರೆ ಇತ್ತು. ಕ್ಯೂಬಾದ ಸಂಗೀತ ನಿಂತಿರುವುದು ‘ಕ್ಲಾವೆ’ ಎಂಬ ಐದು ಪೆಟ್ಟುಗಳ ಮೇಲೆ. ಕೈಯಲ್ಲಿ ತಟ್ಟಿ ನೋಡಬಹುದು. ಹದಿನಾರು ಮಾತ್ರೆ ಎಣಿಸುತ್ತ 1, 4, 7, 11, 13ರಲ್ಲಿ ಚಪ್ಪಾಳೆ ಹಾಕಿ. ಮೊದಲರ್ಧದಲ್ಲಿ ಮೂರು, ಎರಡನೆಯದರಲ್ಲಿ ಎರಡು. ಮೊದಲರ್ಧ ಎಳೆಯುತ್ತದೆ, ಎರಡನೆಯದು ಬಿಡಿಸುತ್ತದೆ. ಮೂರನೇ ಪೆಟ್ಟನ್ನು 7ರಿಂದ 8ಕ್ಕೆ ಸರಿಸಿದರೆ ರುಂಬಾದ ಕ್ಲಾವೆ ಆಯಿತು. ಒಂದೇ ಮಾತ್ರೆಯಲ್ಲಿ ಇಡೀ ಮೈಯ ತೂಗು ಬದಲಾಗುತ್ತದೆ. ಹಾಡಿನ ಸಾಲು, ಬೇಸಿನ ನಡೆ, ಕಹಳೆಗಳ ಉತ್ತರ, ಪಿಯಾನೊ ಸುತ್ತಿಸುತ್ತ ಹೋಗುವ ಮೊಂಟುನೊ, ಎಲ್ಲವೂ ಆ ಐದು ಪೆಟ್ಟಿಗೆ ಲೆಕ್ಕ ಒಪ್ಪಿಸಬೇಕು. ಯಾರೂ ಅದನ್ನು ತಟ್ಟದೇ ಇದ್ದಾಗಲೂ ಎಲ್ಲರ ಒಳಗೂ ಅದು ನಡೆಯುತ್ತಿರಬೇಕು. ಹಾಡಿನ ನಡುವೆ ಅದು ಅಡಿಮೇಲಾದರೆ ‘ಕ್ಲಾವೆ ಅಡ್ಡಬಿತ್ತು’ ಎಂದು ತಿಳಿದವರು ಮುಖ ಕಿವುಚುತ್ತಾರೆ. ತಂಡ ಇದ್ದಾಗ ಕಾಂಗಾ, ಟಿಂಬಾಲೆ, ಬೇಸ್ ಎಲ್ಲ ಸೇರಿ ಆ ಹೊರೆ ಹಂಚಿಕೊಳ್ಳುತ್ತವೆ. ಹೋಟೆಲಿನಲ್ಲಿ ಒಬ್ಬನೇ. ಎಡಗೈ ಬೇಸ್ ಆಗಬೇಕು, ಕಾಂಗಾದ ತಟ್ಟೂ ಆಗಬೇಕು, ಬಲಗೈ ಹಾಡಬೇಕು, ಅಷ್ಟೂ ಮೆಲ್ಲಗೆ, ಪಕ್ಕದ ಟೇಬಲಿನ ಚಮಚದ ಸದ್ದಿಗಿಂತ ಮೇಲೇಳದಂತೆ. ತೀರ ಕೆಳದನಿಯಲ್ಲಿ ತಾಳ ಕೆಡದ ಹಾಗೆ ನುಡಿಸುವುದು ಎಷ್ಟು ಕಷ್ಟ ಎಂದು ಯಾವ ಮೃದಂಗದವರನ್ನಾದರೂ ಕೇಳಿ, ಹೇಳುತ್ತಾರೆ.

1994ರ ಕೊನೆಗೆ ಫೋನ್ ಮಾಡಿದವರು ಸ್ಯಾಕ್ಸೊಫೋನ್ ವಾದಕ ಪಕಿಟೊ ದಿ ರಿವೆರಾ. ಇರಾಕೆರೆಯಲ್ಲಿ ಚೂಚೊ ಜೊತೆಗಿದ್ದವರು. ಜರ್ಮನಿಗೆ ಬನ್ನಿ, ಆಲ್ಬಮ್ ಮಾಡೋಣ ಎಂದರು. ಬೆಬೊ ತಿಂಗಳುಗಟ್ಟಲೆ ಕಾಲಾವಕಾಶ ಕೇಳಲಿಲ್ಲ. ಹೆಚ್ಚೂಕಡಿಮೆ ಫೋನ್ ಇಟ್ಟ ಕೈಯಲ್ಲೇ ಕೂತು ಬರೆದರು; ಆಲ್ಬಮ್ಮಿಗೆ ಬೇಕಾದ ವಾದ್ಯ ಸಂಯೋಜನೆಗಳು ಕೆಲವೇ ದಿನಗಳಲ್ಲಿ ಸಿದ್ಧವಾದವು. ಟ್ರೊಂಬೋನಿನ ಹುವಾನ್ ಪಾಬ್ಲೊ ಟೊರೆಸ್, ಕಾಂಗಾದ ಪತಾತೊ, ಗಿಟಾರಿನ ಕಾರ್ಲೊಸ್ ಎಮಿಲಿಯೊ ಮೊರಾಲೆಸ್ ಸೇರಿ ಮಾಡಿದ ‘ಬೆಬೊ ರೈಡ್ಸ್ ಅಗೇನ್’ 1995ರಲ್ಲಿ ಬಂತು. ತುಕ್ಕು ಹಿಡಿದ ಕೈ ಇಂಥದ್ದನ್ನು ಮಾಡುವುದಿಲ್ಲ. ಮೂವತ್ತು ವರ್ಷ ಪ್ರತಿ ಸಂಜೆ ಕೀಲಿಮಣೆ ಮುಟ್ಟಿದ ಕೈ ಮಾತ್ರ ಮಾಡುತ್ತದೆ. ಆ ಆಲ್ಬಮ್ಮನ್ನು ಪುನರ್ಜನ್ಮ ಎಂದು ಬರೆದವರು, ಬಿಡುವಿಲ್ಲದೆ ಉಸಿರಾಡುತ್ತಲೇ ಇದ್ದವರ ಬಗ್ಗೆ ಬರೆದರು.

ಆಮೇಲೆ ಸ್ಪೇನಿನ ಚಿತ್ರ ನಿರ್ದೇಶಕ ಫೆರ್ನಾಂಡೊ ಟ್ರುಯೆಬಾ ಬಂದರು. 2000ದ ‘ಕಾಯೆ 54’ ಸಾಕ್ಷ್ಯಚಿತ್ರದಲ್ಲಿ ಅಪ್ಪ ಮಗ ಎದುರುಬದುರು ಎರಡು ಪಿಯಾನೊಗಳಲ್ಲಿ ಎರ್ನೆಸ್ಟೊ ಲೆಕುವೊನಾ ಅವರ ‘ಲಾ ಕೊಂಪಾರ್ಸಾ’ ನುಡಿಸುತ್ತಾರೆ. ಜಗತ್ತಿನ ಬಿರುಸಿನ ಕೈಗಳಲ್ಲಿ ಒಂದು ಚೂಚೊ ಅವರದು. ಅಲ್ಲಿ ಅವರು ಅಪ್ಪನ ದನಿಗೆ ದನಿ ತಗ್ಗಿಸಿಕೊಂಡು ನಡೆಯುವುದನ್ನು ನೋಡಬೇಕು. ಅದೇ ಚಿತ್ರದಲ್ಲಿ ಬೆಬೊ ಜೊತೆ ಬೇಸ್ ನುಡಿಸುವವರು ಕಚಾವೊ. ಅವರ ಕಥೆ ನಮ್ಮಂಥವರಿಗೆ ಇನ್ನೂ ಹತ್ತಿರ. 1938ರಲ್ಲಿ ಅಣ್ಣ ಒರೆಸ್ಟೆಸ್ ಜೊತೆ ಮಾಂಬೊ ಎಂಬ ನಡೆಗೆ ತಳಹದಿ ಹಾಕಿದ ಮನುಷ್ಯ, ಮಯಾಮಿಯಲ್ಲಿ ವರ್ಷಗಟ್ಟಲೆ ಮದುವೆ, ನಾಮಕರಣದಂಥ ಸಮಾರಂಭಗಳಲ್ಲಿ ಬೇಸ್ ನುಡಿಸಿ ಬದುಕಿದರು. ನಟ ಆಂಡಿ ಗಾರ್ಸಿಯಾ 1993ರಲ್ಲಿ ಸಾಕ್ಷ್ಯಚಿತ್ರ ಮಾಡುವವರೆಗೂ ಹೊರಗಿನವರು ತಿರುಗಿ ನೋಡಲಿಲ್ಲ. ಹೋಟೆಲಿನ ಪಿಯಾನೊದವರು, ಮದುವೆಮನೆಯ ಬೇಸಿನವರು, ಜೊತೆಗೆ ಪತಾತೊ, ಮೂವರೂ ಕೂಡಿ ಮಾಡಿದ ‘ಎಲ್ ಆರ್ತೆ ದೆಲ್ ಸಾಬೊರ್’ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಮದುವೆಗೆ ನುಡಿಸುವವರಿಗೆ ನಾನು ಮೊದಲು ಕೇಳಿಸುವುದು ಈ ಆಲ್ಬಮ್ಮನ್ನೇ.

ಆದರೆ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಇರುವುದು ‘ಲಾಗ್ರಿಮಾಸ್ ನೆಗ್ರಾಸ್’ನಲ್ಲಿ. 2003ರಲ್ಲಿ ಬಂದ, ಬೆಬೊ ಮತ್ತು ಫ್ಲಾಮೆಂಕೊ ಗಾಯಕ ದಿಯೆಗೊ ಎಲ್ ಸಿಗಾಲಾ ಕೂಡಿ ಮಾಡಿದ ಆಲ್ಬಮ್. ಹೆಸರಿನ ಹಾಡು ಕ್ಯೂಬಾದ ಮಿಗೆಲ್ ಮಾಟಾಮೊರೊಸ್ ಅವರದು. ಉಳಿದವುಗಳಲ್ಲಿ ಅರ್ಜೆಂಟೀನಾದ ಟ್ಯಾಂಗೊ ಇದೆ, ಸ್ಪೇನಿನ ಹಳೆಯ ಕೊಪ್ಲಾ ಇದೆ, ಬ್ರೆಜಿಲ್‌ನ ಜೊಬಿಮ್ ಇದ್ದಾರೆ. ಇಷ್ಟು ದೇಶಗಳ ಹಾಡುಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುವವರು ಯಾರು? ಪ್ರತಿ ರಾತ್ರಿ ಬೇರೆ ಬೇರೆ ದೇಶದ ಅತಿಥಿಗಳ ಮುಂದೆ ಕೂರುವ ಹೋಟೆಲಿನ ವಾದಕ. ಸಿಗಾಲಾ ಅವರದು ಒರಟು, ಸೀಳುವ, ಸ್ವರವನ್ನು ಎಳೆದಾಡುವ ಗಂಟಲು. ಆ ಗಂಟಲಿನ ಕೆಳಗೆ ಪಿಯಾನೊ ಏನು ಮಾಡುತ್ತಿದೆ ಎಂದು ಒಮ್ಮೆ ಹಾಡನ್ನು ಬಿಟ್ಟು ಪಿಯಾನೊ ಒಂದನ್ನೇ ಹಿಡಿದು ಕೇಳಿ. ಹಾಡು ಎದ್ದಾಗ ಅದು ಕೂರುತ್ತದೆ. ಹಾಡುಗಾರ ಉಸಿರು ತೆಗೆದುಕೊಂಡ ಜಾಗದಲ್ಲಿ ಮಾತ್ರ ನಾಲ್ಕು ಸ್ವರ ಇಟ್ಟು ಹಿಂದೆ ಸರಿಯುತ್ತದೆ. ಸಾಲು ತಡವಾದರೆ ಕಾಯುತ್ತದೆ, ಆದರೂ ಕ್ಲಾವೆ ಒಂದು ಕೂದಲೆಳೆ ಅಲುಗುವುದಿಲ್ಲ. ಜಗತ್ತು ಆ ಆಲ್ಬಮ್ಮಿನಲ್ಲಿ ಮೆಚ್ಚಿದ್ದು ಈ ಸಂಯಮವನ್ನು. ಟ್ರೋಪಿಕಾನಾದ ಅಬ್ಬರದಲ್ಲಿ ಕಲಿತದ್ದಕ್ಕೆ ಸ್ಟಾಕ್‌ಹೋಮಿನ ಲಾಬಿಗಳು ಕೊಟ್ಟ ಹದ ಅದು ಎಂದೇ ನಾನು ಕೇಳುತ್ತೇನೆ.

2010ರ ‘ಚಿಕೊ ಅಂಡ್ ರೀಟಾ’ ಅನಿಮೇಷನ್ ಚಿತ್ರವನ್ನು ಟ್ರುಯೆಬಾ ಮತ್ತು ಗೆಳೆಯರು ಬೆಬೊ ಅವರಿಗೇ ಅರ್ಪಿಸಿದ್ದಾರೆ, ಚಿತ್ರದ ತುಂಬ ಅವರದೇ ಸಂಗೀತ. ಆಸ್ಕರ್ ಪಟ್ಟಿಗೂ ಹೋಯಿತು. ಬಣ್ಣ, ಬೀದಿ, ರಾತ್ರಿ ಎಲ್ಲವೂ ಸೊಗಸು. ಆದರೆ ಅದರ ನಾಯಕ ಮುದುಕನಾಗಿ ಹವಾನಾದಲ್ಲಿ ಬೂಟ್ ಪಾಲಿಶ್ ಮಾಡುತ್ತಾನೆ, ಪಿಯಾನೊ ಅವನ ಬದುಕಿನಿಂದ ದೂರವಾಗಿದೆ, ಆಮೇಲೆ ಯಾರೋ ಬಂದು ಎತ್ತುತ್ತಾರೆ. ಸಿನಿಮಾಗೆ ಅದು ಹೊಂದುತ್ತದೆ. ಬೆಬೊ ಅವರ ಬದುಕಿಗೆ ಹೊಂದುವುದಿಲ್ಲ. ನುಡಿಸುವುದನ್ನು ಬಿಟ್ಟವನ ಕಥೆಯಲ್ಲಿ ಪವಾಡ ಇದೆ. ಬಿಡದವನ ಕಥೆಯಲ್ಲಿ ಇರುವುದು ದುಡಿಮೆ. ಪತ್ರಿಕೆಗಳಿಗೆ, ಪ್ರಶಸ್ತಿ ಕೊಡುವವರಿಗೆ ಪವಾಡವೇ ಬೇಕು. ವಿರಾಟನ ಮನೆಯಲ್ಲಿ ಬೃಹನ್ನಳೆ ಉತ್ತರೆಗೆ ಕಲಿಸಿದ ನಾಟ್ಯವೂ ನಿಜವಾದ ನಾಟ್ಯವೇ ಆಗಿತ್ತು ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಾವು ಮಾತ್ರ ಗಾಂಡೀವ ಹೊರಗೆ ಬಂದ ಮೇಲಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ.

ನನಗೆ ಎದುರು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ಹವಾನಾದಲ್ಲಿ ಇಪ್ಪತ್ತು ಜನರ ವಾದ್ಯವೃಂದ ಕೈಗೆ ಸಿಗುತ್ತಿದ್ದ ಸಂಗೀತಗಾರನಿಗೆ ಒಂಟಿ ಪಿಯಾನೊ ಕೊಟ್ಟು ಸಮಾಧಾನ ಹೇಳುವುದು ಸರಿಯೇ ಎಂದು ಕೇಳುತ್ತಾರೆ. ಸರಿಯಲ್ಲ. 42ರಿಂದ 76ರವರೆಗೆ, ದೊಡ್ಡ ವಾದ್ಯವೃಂದಕ್ಕೆ ಬರೆಯುವವನ ಒಳ್ಳೆಯ ವಯಸ್ಸಿನಲ್ಲಿ, ಬೆಬೊ ಅವರಿಗೆ ಅದು ಸಿಗಲಿಲ್ಲ. ಎಷ್ಟೋ ಆಲ್ಬಮ್‌ಗಳು ಹುಟ್ಟದೇ ಉಳಿದವು. ಆ ನಷ್ಟವನ್ನು ಯಾವ ಗ್ರ್ಯಾಮಿಯೂ ತುಂಬುವುದಿಲ್ಲ. ಆದರೆ ನಷ್ಟವಾದದ್ದು ಕೇಳುಗರಿಗೆ, ಆಲ್ಬಮ್ ಕಂಪನಿಗಳಿಗೆ, ಕ್ಯೂಬಾಕ್ಕೆ. ಅದನ್ನು ಬೆಬೊ ಅವರ ಸೋಲು ಎಂದು ಅವರ ಲೆಕ್ಕಕ್ಕೆ ಬರೆಯಬಾರದು.

ನಮ್ಮ ಕಡೆಗೆ ಬರುತ್ತೇನೆ. ಮೈಸೂರು, ಮಂಡ್ಯ, ಹಾಸನದ ಛತ್ರಗಳಲ್ಲಿ ವಾದ್ಯಗೋಷ್ಠಿಗೆ ನುಡಿಸುವವರಲ್ಲಿ ಜೀವಮಾನವಿಡೀ ಸಾಧನೆ ಮಾಡಿದವರಿದ್ದಾರೆ. ಗಾಯಕಿಗೆ ನೆಗಡಿ ಎಂದರೆ ವೇದಿಕೆಯ ಮೇಲೇ ಅರ್ಧ ಸ್ವರ ಇಳಿಸಿ ಇಡೀ ರಾತ್ರಿ ದಡ ಸೇರಿಸುವ ಅಕಾರ್ಡಿಯನ್ ವಾದಕರನ್ನು ಕಂಡಿದ್ದೇನೆ. ತಬಲಾ, ಢೋಲಕ್, ರಿದಂ ಪ್ಯಾಡ್ ಮೂರನ್ನೂ ಒಬ್ಬರೇ ನಿಭಾಯಿಸುವುದನ್ನು ಕಂಡಿದ್ದೇನೆ. ಬ್ಯಾನರಿನಲ್ಲಿ ಹಾಡುವವರ ಫೋಟೊ ಇರುತ್ತದೆ, ನುಡಿಸುವವರ ಹೆಸರು ಇರುವುದಿಲ್ಲ. ಒಮ್ಮೆ ಒಂದು ಕಡೆ, ಸಂದರ್ಶನಕ್ಕೆ ಬಂದವರು ನಮ್ಮ ಹಿರಿಯ ವಯೊಲಿನ್ ವಾದಕರನ್ನು ‘ಸಭೆಗಳಲ್ಲಿ ಅವಕಾಶ ಸಿಗಲಿಲ್ಲವೇ’ ಎಂದು ಮೊದಲ ಪ್ರಶ್ನೆ ಕೇಳಿದರು. ಅವರ ಬಿಲ್ಲಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಇಂಥವರನ್ನು ಗುರುತಿಸಬೇಕೆಂದರೆ ಅವರು ಮೊದಲು ಬೇರೆ ಏನೋ ಆಗಲಿ ಎಂದು ಕಾಯಬಾರದು. ಈಗ, ಅವರು ನುಡಿಸುತ್ತಿರುವ ಜಾಗದಲ್ಲೇ, ಆ ನುಡಿಸುವಿಕೆಯನ್ನೇ ಕೇಳಬೇಕು. ಸಂಸ್ಕೃತಿ ಇಲಾಖೆಗೆ, ಅಕಾಡೆಮಿಗಳಿಗೆ ನನ್ನ ಕೇಳಿಕೆ ಸರಳವಾದದ್ದು. ಆರ್ಕೆಸ್ಟ್ರಾ ವಾದಕರ ನುಡಿಸುವಿಕೆಯನ್ನು ಮುದ್ರಿಸಿ ಇಡಿ, ಅವರ ಸಂಯೋಜನೆಗಳನ್ನು ಬರೆಸಿ ಇಡಿ, ಮತ್ತು ಅದನ್ನು ಅವರು ದುಡಿಯುತ್ತಿರುವಾಗಲೇ ಮಾಡಿ.

ಬರೆದಿಡುವ ಮಾತು ಬಂದದ್ದಕ್ಕೆ ಕೊನೆಯದಾಗಿ ಒಂದು ಆಲ್ಬಮ್ ಹೇಳುತ್ತೇನೆ, ಹುಡುಕಿ ಕೇಳಿ. ‘ಬೆಬೊ ದೆ ಕೂಬಾ’. ಎರಡು ಡಿಸ್ಕಿನ ಈ ಆಲ್ಬಮ್ ಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ, ದೊಡ್ಡ ವಾದ್ಯವೃಂದದೊಂದಿಗೆ. 2006ರಲ್ಲಿ ಗ್ರ್ಯಾಮಿ ಬಂದಾಗ ಬೆಬೊ ಅವರಿಗೆ 87. ಅದರಲ್ಲಿರುವ ‘ಸುಯಿತೆ ಕುಬಾನಾ’ ಎಂಬ ದೀರ್ಘ ಕೃತಿಯನ್ನು ಅವರು ಬರೆದದ್ದು 90ರ ದಶಕದಲ್ಲಿ, ಸ್ಟಾಕ್‌ಹೋಮಿನ ಮನೆಯಲ್ಲಿ. ಅದನ್ನು ನುಡಿಸಲು ಬೇಕಾದ ಟ್ರಂಪೆಟ್, ಟ್ರೊಂಬೋನ್‌ಗಳು ಆಗ ಕೈಯಳತೆಯಲ್ಲಿ ಇರಲಿಲ್ಲ. ಆದರೂ ಪ್ರತಿ ವಾದ್ಯಕ್ಕೂ ಸಾಲು ಬರೆದರು. ಅದರ ಒಂದು ಭಾಗದ ಹೆಸರು ‘ನೊಕ್ತುರ್ನೊ ಎನ್ ಬತಾಂಗಾ’. 1952ರಲ್ಲಿ ಬಜಾರಿನಲ್ಲಿ ನಿಲ್ಲದೇ ಹೋದ ಆ ನಡೆಯನ್ನು ಅವರು ಬಿಟ್ಟಿರಲಿಲ್ಲ. ನಾನು ಈಗ ಅದರ ಪಿಯಾನೊ ಸಾಲನ್ನು ಕಿವಿಯಲ್ಲಿ ಹಿಡಿದು ಬರೆದುಕೊಳ್ಳುತ್ತಿದ್ದೇನೆ. ಬಲಗೈ ಮಟ್ಟಿಗೆ ಕೂತಿದೆ, ಎಡಗೈ ಇನ್ನೂ ಕ್ಲಾವೆಗೆ ಸರಿಯಾಗಿ ಬೀಳುತ್ತಿಲ್ಲ. ಬೇಸಿನ ಗೆಳೆಯ ಭಾನುವಾರ ಬರುತ್ತಾನೆ, ಇಬ್ಬರೂ ಕೂತು ಮೊದಲಿನಿಂದ ಎಣಿಸಬೇಕು.